ಷರಾ

ಪಶು ಆಸ್ಪತ್ರೆಯ ಹಿತ್ತಿಲಲ್ಲಿ
ಹಳೆಯ ಲಸಿಕೆ ಪೆಟ್ಟಿಗೆಗೆ ಬಿಳಿ ಬಣ್ಣ ಬಳಿದು
ನಾಲ್ಕೂ ಕಡೆ ತೂತು ಕೊರೆದು
ಒಳಗೆ ತೂಗುಹಾಕಿದ್ದೇವೆ ಉಷ್ಣಮಾಪಕ.
ಹೈಸ್ಕೂಲಿನ ಲ್ಯಾಬಿನದು. ನಾನು ನಿವೃತ್ತನಾದ ದಿನ
ಶಾಲು ಬೇಡ, ಇದು ಕೊಡಿ ಎಂದು ಕೇಳಿ ಪಡೆದದ್ದು.

ಬೆಳಗಿನ ಐದೂಮುಕ್ಕಾಲು. ರಿಪ್ಪನ್‌ಪೇಟೆ ಇನ್ನೂ
ಮಗ್ಗುಲು ಬದಲಿಸುತ್ತಿರುತ್ತದೆ.
ಹಾಲಿನ ವ್ಯಾನು ಬದಿಗೆ ನಿಲ್ಲಿಸಿ ಟೀಕಪ್ಪ ಬರುತ್ತಾನೆ,
ರಾತ್ರಿಪಾಳಿ ಮುಗಿಸಿ ನರ್ಸ್ ಸೆವರಿನ್ ಬಾಯಿ,
ಮಫ್ಲರಿನ ಹೊರಗೆ ಮೂಗೊಂದನ್ನೇ ಉಳಿಸಿಕೊಂಡು
ಎಂಬತ್ತೊಂದರ ಪದ್ಮರಾಜಯ್ಯ.
ಟಾರ್ಚು ಹಿಡಿಯುವುದು ಅವರ ಹಕ್ಕು.
ಉಸಿರು ಬಿಗಿಹಿಡಿಯಿರಿ, ಎನ್ನುತ್ತಾರೆ,
ನಾಲ್ಕು ಬಾಯಿಯ ಬಿಸಿ ಸೇರಿದರೆ
ಪಾದರಸಕ್ಕೆ ಅಷ್ಟೇ ನೆಪ ಸಾಕು.

ಹದಿನೇಳು.
ಹದಿನಾರೂವರೆ.
ಮತ್ತೆ ಹದಿನೇಳು.

ಇದೇನು ಮಾಗಿಯೋ, ಮಾಗಿಯ ಮೈದುನನೋ
ಎಂದು ಟೀಕಪ್ಪ ಬೈಯುತ್ತಾನೆ. ಬಂಗಾಳ ಕೊಲ್ಲಿಯಲ್ಲಿ
ಯಾವುದೋ ವಾಯುಭಾರ ಕುಸಿದರೆ
ಇಲ್ಲಿ ನಮ್ಮ ಚಳಿಗೇನು ಬಂತು ಧಾಡಿ?
ಮೋಡವೋ, ರಾತ್ರಿಯಿಡೀ ಊರಿಗೆ ಕಂಬಳಿ ಹೊದಿಸಿ
ಅಂಚು ಒತ್ತಿ ಒತ್ತಿ ಸಿಕ್ಕಿಸುತ್ತದೆ,
ಸೆಖೆ ಎಂದರೂ ಬಿಡದ ಸೋದರತ್ತೆಯ ಹಾಗೆ.

ನಮಗೆ ಬೇಕಾದದ್ದು ಒಂದಂಕಿ.
ಅಷ್ಟೇ ಎಂದರೆ ಸುಳ್ಳು.
ನಮಗೆ ಬೇಕಾದದ್ದು ಬಿಳುಪು.

ಏಳನೇ ಕ್ಲಾಸಿನಲ್ಲಿದ್ದಾಗ ಪದ್ಮರಾಜಯ್ಯ ಕಂಡಿದ್ದರಂತೆ,
ಹುಂಚದ ದಾರಿಯ ತಗ್ಗಿನ ಗದ್ದೆಬಯಲಲ್ಲಿ,
ಕೊಯ್ದ ಕೂಳೆಯ ಮೇಲೆ ಉಪ್ಪು ಎರಚಿದ ಹಾಗೆ.
ಬೆರಳಿಟ್ಟರೆ ಚುರುಕ್ಕೆಂದಿತಂತೆ, ಆಮೇಲೆ ಬರಿ ನೀರು.
ಶಾಲೆಗೆ ತಡವಾಗಿ ಹೋಗಿ, ಕಾರಣ ಹೇಳಿ,
ತಡಕ್ಕೆ ಎರಡು ಏಟು, ಸುಳ್ಳಿಗೆ ನಾಲ್ಕು.
ಅರವತ್ತೆಂಟು ವರ್ಷದಿಂದ
ಒಬ್ಬ ಸಾಕ್ಷಿಗಾಗಿ ಕಾಯುತ್ತಿದ್ದಾರೆ.
ನಾವು ಮೂವರು ಸೇರಿದ್ದೇ ಅದಕ್ಕೆ;
ಯಾರೂ ಬಾಯಿಬಿಟ್ಟು ಹೇಳಿಲ್ಲ.

ಚಳಿ ಇಲ್ಲದಿದ್ದರೆ ಒಳ್ಳೆಯದೇ ಅಲ್ವ ಮಾರಾಯ್ರೆ,
ಮಂಡಿನೋವು ಕಮ್ಮಿ, ಎನ್ನುತ್ತದೆ ಚಾದಂಗಡಿ.
ಹೌದು. ಆದರೆ ಆಸ್ಪತ್ರೆಯ ಗೇಟಿನ ಮಾವಿನಮರ
ಹೂ ಬಿಡುವ ಬದಲು ಸುಮ್ಮನೆ ಚಿಗುರಿ ಕೂತಿದೆ.
ಹೆರಿಗೆ ವಾರ್ಡಿನ ಕೂಸುಗಳು ಉಣ್ಣೆಟೊಪ್ಪಿಯೊಳಗೆ
ಬೆವರುತ್ತವೆ, ಎನ್ನುತ್ತಾರೆ ಸೆವರಿನ್ ಬಾಯಿ,
ಹುಟ್ಟಿದವರಿಗೆ ಡಿಸೆಂಬರ್ ಎಂದು ಹೇಗೆ ನಂಬಿಸಲಿ?

ಸಂಕ್ರಾಂತಿಗೆ ಎರಡು ದಿನ ಮುಂಚೆ
ಟೀಕಪ್ಪನ ಫೋನು, ಐದಕ್ಕೇ:
ಬಿದ್ದಿದೆ, ಮೈದಾನದಲ್ಲಿ, ಬೆಳ್ಳಗೆ, ಬೇಗ!
ನನ್ನ ಕಾಲಿಗೆ ಬೇರೆ ಬೇರೆ ಜೋಡಿಯ ಚಪ್ಪಲಿ.
ಹಾಲಿನ ಕ್ಯಾನುಗಳ ನಡುವೆ ಪದ್ಮರಾಜಯ್ಯನವರನ್ನು
ಹಬ್ಬದ ಗಡಿಗೆಯ ಹಾಗೆ ಆನಿಸಿ ಕೂರಿಸಿ
ಹೋಗಿ ಹೆಡ್‌ಲೈಟಿನಲ್ಲಿ ನೋಡಿದರೆ
ನಿಜ. ಕಾವಳದೊಳಗೆ, ಹುಲ್ಲಿನ ಮೇಲೆ, ಬಿಳಿ.
ಸೆವರಿನ್ ಬಾಯಿ ಎದೆಯ ಮೇಲೆ ಶಿಲುಬೆ ಬರೆದುಕೊಂಡರು.
ಪದ್ಮರಾಜಯ್ಯ ಮೆಲ್ಲಗೆ ಮಂಡಿಯೂರಿ
ಬೆರಳಿಟ್ಟರು.

ಕರಗಲಿಲ್ಲ.

ಟಾರ್ಚು ಅದರ ಹಿಂದೆಯೇ ಹೋಯಿತು.
ಹಗ್ಗ ಹಿಡಿದು ಎಳೆದಂತೆ ನೇರ ಸಾಗಿ
ಮೂಲೆಯಲ್ಲಿ ಅದು ಬಲಕ್ಕೆ ತಿರುಗಿತ್ತು.
ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿ,
ನಾಳೆಯಿಂದ. ಸುಣ್ಣದ ಪುಡಿ.

ಮೊದಲು ಯಾರು ನಗಬೇಕೆಂದು ತಿಳಿಯದೆ ನಿಂತೆವು.
ಬೆರಳನ್ನು ಮೂಗಿಗೆ ಹಿಡಿದು ಅವರೇ ಅಂದರು:
ಅದಕ್ಕೆ ವಾಸನೆ ಇರಲಿಲ್ಲ.
ಸ್ವಲ್ಪ ತಡೆದು: ಟೀಕಪ್ಪ, ಹಾಲು ಕೆಟ್ಟೀತು, ನಡಿ.

ಪುಸ್ತಕದಲ್ಲಿ ತಾರೀಕು, ಗಂಟೆ, ಡಿಗ್ರಿ, ಮೋಡ,
ಕೊನೆಯ ಕಾಲಂ ಷರಾ.
ಹದಿನೈದು ಬಿಂದು ಎಂಟು. ಮೋಡ ಹತ್ತಾಣೆ.
ಷರಾದಲ್ಲಿ ಸುಣ್ಣ ಎಂದು ಬರೆದೆ, ಹೊಡೆದುಹಾಕಿದೆ.
ಏನೂ ಇಲ್ಲ ಎಂದು ಬರೆದೆ. ಅದನ್ನೂ ಹೊಡೆದೆ.
ಗೀಚುಗಳ ಕೆಳಗೆ ಉಳಿದ ಜಾಗದಲ್ಲಿ
ಸಣ್ಣ ಅಕ್ಷರದಲ್ಲಿ ಹಿಡಿಸಿದೆ:
ಸಾಕ್ಷಿ ಮೂವರೂ ಹಾಜರ್.

ಮಾರನೆಯ ದಿನ ಐದೂಮುಕ್ಕಾಲು.
ಮಫ್ಲರಿನ ಅಂಚಿಗೆ ಇನ್ನೂ ಸುಣ್ಣ ಮೆತ್ತಿದೆ.
ಪೆಟ್ಟಿಗೆಯ ಬಾಗಿಲು ಕಿರ್ ಎನ್ನುತ್ತದೆ, ಟಾರ್ಚು
ಒಮ್ಮೆ ನಡುಗಿ, ಗೆರೆಗಳ ಮೇಲೆ ನಿಲ್ಲುತ್ತದೆ.
ಉಸಿರು ಬಿಗಿಹಿಡಿಯಿರಿ,
ಎನ್ನುತ್ತಾರೆ.